ದಿಂಬಿನ ಪಕ್ಕ ಪಿಸ್ತೂಲು, 'ಒಂದೇ ಸೆಕೆಂಡಿಗೆ ತೆರೆಯುವ' ಲಾಕರ್: ವಿಡಿಯೊ ನಂಬಿ ಕೊಳ್ಳುವ ಮೊದಲು ಇದನ್ನು ಓದಿ

ಮಂಚದ ಪಕ್ಕದ ಮೇಜಿನ ಮೇಲೆ ಪುಸ್ತಕದ ಗಾತ್ರದ ಕಪ್ಪು ಪೆಟ್ಟಿಗೆ. ಮನೆಯ ಯಜಮಾನ ಮಲಗಿದಲ್ಲಿಂದಲೇ ಬೆರಳಿಡುತ್ತಾನೆ, ಟಕ್ ಎಂದು ಮುಚ್ಚಳ ತೆರೆಯುತ್ತದೆ, ಒಳಗಿನ ಪಿಸ್ತೂಲು ಕೈಗೆ ಬರುತ್ತದೆ. 'ಕಳ್ಳರ ಕಾಟ ಹೆಚ್ಚಾಗಿದೆ, ತೋಟದ ಮನೆಯಲ್ಲಿ ಇರುವವರು ತಪ್ಪದೇ ನೋಡಿ, ಎಲ್ಲರಿಗೂ ಶೇರ್ ಮಾಡಿ' ಎಂಬ ಸಾಲಿನೊಂದಿಗೆ ಇಂಥ ವಿಡಿಯೊಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಊರಿಂದ ದೂರ ತೋಟದ ಮನೆ ಕಟ್ಟಿಕೊಂಡವರು ಬಹಳ ಜನ ಇದ್ದಾರೆ. ಅವರಿಗೆ ಇದು ತಮಗೇ ಹೇಳಿದ ಮಾತು ಅನಿಸಿದರೆ ಆಶ್ಚರ್ಯವಿಲ್ಲ.

ಆ ವಿಡಿಯೊದಲ್ಲಿ ಒಂದು ಮಾತು ಸರಿ ಇದೆ. ಮನೆಯಲ್ಲಿ ಬಂದೂಕು ಇದ್ದರೆ ಅದು ಬೀಗದೊಳಗೇ ಇರಬೇಕು. ಉಳಿದದ್ದರಲ್ಲಿ ಹೆಚ್ಚಿನದು ಅಮೆರಿಕದ ಮನೆಗಳಿಗೆ ಹೊಲಿದ ಅಂಗಿ. ನಮ್ಮ ಕಾನೂನಿಗೂ ನಮ್ಮ ಮನೆಗಳಿಗೂ ನಮ್ಮಲ್ಲಿರುವ ಬಂದೂಕುಗಳಿಗೂ ಅದು ಸರಿಹೊಂದುವುದಿಲ್ಲ.

ನಮ್ಮ ಮನೆಗಳಲ್ಲಿ ಇರುವುದು ಯಾವ ಬಂದೂಕು?

ಈ ಭಾಗದ ಹಳ್ಳಿಗಳಲ್ಲಿ ಬಂದೂಕು ಅಂದರೆ ಬೆಳೆ ಕಾವಲಿನ ಉದ್ದನೆಯ ಕೋವಿ. ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗುತ್ತದೆ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದ ಸುತ್ತ ಜಿಂಕೆಗಳು ಮೇಯಲು ಬರುತ್ತವೆ. ಬೆಟ್ಟದ ಸಾಲಿನ ಊರುಗಳಲ್ಲಿ ಚಿರತೆ, ಕರಡಿಗಳ ಭಯ. ಹೀಗಾಗಿ ನಳಿಕೆಯ ಬಾಯಿಂದ ಮದ್ದು ತುಂಬುವ ಒಂಟಿ ನಳಿಕೆಯ ಕೋವಿಗಳು, ತೋಟಾ ಹಾಕುವ ಜೋಡಿ ನಳಿಕೆಯ ಬಂದೂಕುಗಳು ಕೆಲವು ಮನೆಗಳಲ್ಲಿ ತಲೆಮಾರಿನಿಂದ ಬಂದಿವೆ. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್, ಡಿಬಿಬಿಎಲ್ ಎಂದು ಬರೆದಿರುತ್ತಾರಲ್ಲ, ಅವೇ ಇವು.

1959ರ ಶಸ್ತ್ರಾಸ್ತ್ರ ಕಾಯ್ದೆಯೂ ಈ ವ್ಯತ್ಯಾಸ ಮಾಡುತ್ತದೆ. ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿ, ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ಬಂದೂಕು, ಇವುಗಳ ಲೈಸೆನ್ಸಿಗೆ ಒಂದು ದಾರಿ. ಪಿಸ್ತೂಲು, ರಿವಾಲ್ವರ್‌ನಂಥ ಗಿಡ್ಡ ಆಯುಧಕ್ಕೆ ಬೇರೆ ದಾರಿ. ಅದನ್ನು ಏಕೆ ಕೇಳುತ್ತೀರಿ ಎಂಬುದಕ್ಕೆ ಬಲವಾದ ಕಾರಣ ತೋರಿಸಬೇಕು, ಪೊಲೀಸ್ ವರದಿ ಬರಬೇಕು, ಜಿಲ್ಲಾಧಿಕಾರಿಗೆ ಒಪ್ಪಿಗೆಯಾಗಬೇಕು. ಸಾಮಾನ್ಯ ನಾಗರಿಕರಿಗೆ ಸಿಗುವುದು .32 ಬೋರಿನಂಥವು. ವಿಡಿಯೊಗಳಲ್ಲಿ ಮಿಂಚುವ 9 ಎಂಎಂ ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರು. ಬೆಲೆಯೂ ಸಣ್ಣದಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ತಂದ 'ನಿರ್ಭೀಕ್' ರಿವಾಲ್ವರ್‌ಗೆ ಆಗಲೇ ಲಕ್ಷ ರೂಪಾಯಿಗೂ ಮೇಲಿತ್ತು.

ಎಂದರೆ ವಿಡಿಯೊದ ಪೆಟ್ಟಿಗೆ ಬೇಕಾಗುವುದು ಲೈಸೆನ್ಸ್ ಇರುವ ಪಿಸ್ತೂಲು, ರಿವಾಲ್ವರ್ ಉಳ್ಳ ಕೆಲವೇ ಜನರಿಗೆ. ಹಳ್ಳಿಯ ಕೋವಿ ಅದರಲ್ಲಿ ಹಿಡಿಸುವುದೇ ಇಲ್ಲ. ಆದರೆ ಬೀಗದ ಅಗತ್ಯ ಕೋವಿಗೇ ಹೆಚ್ಚು, ಏಕೆಂದರೆ ಅದು ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ.

ಗೋಡೆಗೆ ನೇತುಹಾಕಿದ ಬಂದೂಕು

2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಬಾಲಕನೊಬ್ಬ ಅಲ್ಲಿದ್ದ ಬಂದೂಕನ್ನು ಕೈಗೆತ್ತಿಕೊಂಡು ಆಟವಾಡಿದ. ಗುಂಡು ಹಾರಿತು. ಕೂಲಿಗೆಂದು ದೂರದಿಂದ ಬಂದಿದ್ದ ಕುಟುಂಬದ ಪುಟ್ಟ ಮಗು ಸತ್ತಿತು, ತಾಯಿಗೂ ಗಾಯವಾಯಿತು. ಅಲ್ಲಿ ಕಳ್ಳರಿರಲಿಲ್ಲ, ಜಗಳವಿರಲಿಲ್ಲ, ಹೊಡೆಯುವ ಉದ್ದೇಶವೂ ಇರಲಿಲ್ಲ. ಬಂದೂಕು ಮಗುವಿನ ಕೈಗೆ ಎಟಕುವಂತಿತ್ತು, ಅದರೊಳಗೆ ಗುಂಡಿತ್ತು. ಅಷ್ಟೇ ಸಾಕಾಯಿತು.

ಇಂಥ ಸುದ್ದಿ ಬಂದಾಗಲೆಲ್ಲ 'ಸೇಫ್ಟಿ ಹಾಕಿರಲಿಲ್ಲವಂತೆ', 'ಗುಂಡು ಇರುವುದು ಗೊತ್ತಿರಲಿಲ್ಲವಂತೆ' ಎನ್ನುತ್ತಾರೆ. ಮನೆಮನೆಯಲ್ಲಿ ಇರುವ ಮೂರು ತಪ್ಪು ನಂಬಿಕೆಗಳನ್ನು ಇಲ್ಲೇ ಬಿಡಿಸಿಬಿಡೋಣ.

ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿ ಎಂಬುದು ಮೊದಲನೆಯದು. ಹಾಗಲ್ಲ. ಕೊನೆಯ ಗುಂಡು ನಳಿಕೆಯ ಬುಡದ ಕೋಣೆಯಲ್ಲಿ ಕೂತಿರಬಹುದು. ಮ್ಯಾಗಜಿನ್ ಮೇಜಿನ ಮೇಲಿದ್ದರೂ ಕುದುರೆ ಎಳೆದರೆ ಅದು ಹಾರುತ್ತದೆ. ಮ್ಯಾಗಜಿನ್ ತೆಗೆದ ಮೇಲೆ ಮೇಲಿನ ಜಾರುಭಾಗವನ್ನು ಹಿಂದಕ್ಕೆಳೆದು, ಒಳಗೆ ಕಣ್ಣಿಟ್ಟು ನೋಡಿ, ಬೆರಳಿಟ್ಟು ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು.

ಕೇಪು ತೆಗೆದಿಟ್ಟರೆ ನಾಡಕೋವಿ ಸುರಕ್ಷಿತ ಎಂಬುದು ಎರಡನೆಯದು. ಕೇಪು ಇಲ್ಲದಿದ್ದರೂ ಮದ್ದು, ಚಿಲ್ಲು ನಳಿಕೆಯೊಳಗೇ ಇರುತ್ತವೆ. ಬಾಯಿಂದ ತುಂಬುವ ಕೋವಿಯ ಕಷ್ಟವೇ ಇದು, ತುಂಬಿದ್ದನ್ನು ವಾಪಸು ತೆಗೆಯುವುದು ಸುಲಭವಲ್ಲ. ಅದಕ್ಕೇ ಜನ ತುಂಬಿದ ಕೋವಿಯನ್ನು ವಾರಗಟ್ಟಲೆ ಹಾಗೇ ನೇತುಹಾಕುತ್ತಾರೆ. ಆಮೇಲೆ ತುಂಬಿದ್ದು ಯಾರು, ಯಾವಾಗ ಎಂಬುದೇ ಮರೆತುಹೋಗುತ್ತದೆ. ಕಾವಲಿಗೆ ಹೋಗುವಾಗ ಮಾತ್ರ ತುಂಬುವುದು, ಮನೆಗೆ ತರುವ ಮುಂಚೆ ಖಾಲಿ ಮಾಡುವುದು, ಇಷ್ಟು ರೂಢಿ ಮಾಡಿಕೊಳ್ಳದಿದ್ದರೆ ಯಾವ ಬೀಗವೂ ಪೂರ್ತಿ ಕಾಯಲಾರದು.

ಸಣ್ಣ ಮಕ್ಕಳಿಗೆ ಕುದುರೆ ಎಳೆಯುವಷ್ಟು ಶಕ್ತಿ ಇರುವುದಿಲ್ಲ ಎಂಬುದು ಮೂರನೆಯದು, ಎಲ್ಲಕ್ಕಿಂತ ಅಪಾಯಕಾರಿ. ದೊಡ್ಡವರು ಎಳೆಯುವ ಹಾಗೆ ಮಕ್ಕಳು ಎಳೆಯುವುದಿಲ್ಲ. ಬಂದೂಕಿನ ಬಾಯಿ ತಮ್ಮ ಕಡೆ ತಿರುಗಿಸಿಕೊಂಡು ಎರಡೂ ಹೆಬ್ಬೆರಳಿನಿಂದ ಒತ್ತುತ್ತವೆ. ಮೂರು ನಾಲ್ಕು ವರ್ಷದ ಮಕ್ಕಳೂ ಗುಂಡು ಹಾರಿಸಿದ ಪ್ರಕರಣಗಳು ಅಮೆರಿಕದಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ಪೆಟ್ಟಿಗೆ ಕೊಳ್ಳುವುದಾದರೆ ಏನು ನೋಡಬೇಕು?

ಲೈಸೆನ್ಸ್ ಇರುವ ಪಿಸ್ತೂಲು ನಿಮ್ಮಲ್ಲಿದೆ, ಅದಕ್ಕೊಂದು ಸಣ್ಣ ಲಾಕರ್ ಬೇಕು ಎಂದಿಟ್ಟುಕೊಳ್ಳೋಣ. ಆನ್‌ಲೈನ್‌ನಲ್ಲಿ ಸಿಗುವವುಗಳಲ್ಲಿ ಬಹುಪಾಲು ಹೋಟೆಲ್ ರೂಮಿನ ಕಪಾಟಿನಲ್ಲಿ ಇರುತ್ತವಲ್ಲ, ಆ ಜಾತಿಯವು. ಒಡವೆ, ದುಡ್ಡು, ಪಾಸ್‌ಪೋರ್ಟ್ ಇಡಲು ಮಾಡಿದ ತಗಡಿನ ಪೆಟ್ಟಿಗೆಗಳು. ತಪ್ಪೇನಿಲ್ಲ, ಆದರೆ ಕೊಳ್ಳುವ ಮೊದಲು ಪರೀಕ್ಷಿಸಿ.

ಬೆರಳಚ್ಚಿನಿಂದ ಶುರು ಮಾಡೋಣ, ಜನ ಮರುಳಾಗುವುದು ಅದಕ್ಕೇ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟವರಿಗೆಲ್ಲ ಗೊತ್ತು, ಶೇಂಗಾ ಕಿತ್ತ ಕೈ, ಸಿಮೆಂಟು ಕಲಸಿದ ಕೈ, ವಯಸ್ಸಾದವರ ಕೈಯ ಗೆರೆ ಸವೆದಿರುತ್ತದೆ. ಯಂತ್ರ 'ಮತ್ತೆ ಇಡಿ, ಮತ್ತೆ ಇಡಿ' ಅನ್ನುತ್ತದೆ. ಬೆವರಿದ ಬೆರಳು, ಒದ್ದೆ ಬೆರಳು, ಮಣ್ಣು ಮೆತ್ತಿದ ಬೆರಳು ಎಲ್ಲದರದ್ದೂ ಅದೇ ಕಥೆ. ಅಗ್ಗದ ಪೆಟ್ಟಿಗೆಯ ಸೆನ್ಸರ್ ಅದಕ್ಕಿಂತ ಚಿಕ್ಕದು. ಸರಿಯಾದ ಬೆರಳನ್ನು ತಿರಸ್ಕರಿಸುವುದು ಒಂದು ತೊಂದರೆ. ತಪ್ಪು ಬೆರಳನ್ನು ಒಪ್ಪಿಕೊಳ್ಳುವುದು ಅದಕ್ಕಿಂತ ದೊಡ್ಡದು.

ಇದು ಊಹೆಯ ಮಾತಲ್ಲ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಫೋರ್ಟ್ರೆಸ್ ಕಂಪನಿಯ ಸುಮಾರು 61,000 ಬೆರಳಚ್ಚಿನ ಗನ್ ಲಾಕರ್‌ಗಳನ್ನು ವಾಪಸು ಕರೆಸಿತು. ಬೆರಳು ನೋಂದಾಯಿಸಿದ್ದೇವೆ ಎಂದು ಮಾಲೀಕರು ನಂಬಿದ್ದರೂ ಪೆಟ್ಟಿಗೆ ಯಾರ ಬೆರಳಿಟ್ಟರೂ ತೆರೆಯುವ ಸ್ಥಿತಿಯಲ್ಲೇ ಉಳಿದುಬಿಡಬಹುದಿತ್ತು. ಅಂಥ ಪೆಟ್ಟಿಗೆಯಿಂದ ಸಿಕ್ಕ ಬಂದೂಕಿನಿಂದ 12 ವರ್ಷದ ಬಾಲಕನೊಬ್ಬ ಸತ್ತಿದ್ದಾನೆ ಎಂಬ ದೂರೂ ಇತ್ತು. ಮರುವರ್ಷ ಇನ್ನೂ ಕೆಲವು ಕಂಪನಿಗಳ ಪೆಟ್ಟಿಗೆಗಳು ಇದೇ ದೋಷಕ್ಕೆ ವಾಪಸಾದವು.

ಆದ್ದರಿಂದ ಪೆಟ್ಟಿಗೆ ಮನೆಗೆ ಬಂದ ದಿನ ಅದನ್ನು ಖಾಲಿಯಾಗಿಯೇ ಇಟ್ಟು, ನಿಮ್ಮ ಬೆರಳು ನೋಂದಾಯಿಸಿದ ಮೇಲೆ ಮನೆಯವರೆಲ್ಲರ ಹತ್ತೂ ಬೆರಳು ಇಡಿಸಿ ನೋಡಿ. ಮಕ್ಕಳದ್ದನ್ನು ಬಿಡಬೇಡಿ. ಒಂದೇ ಒಂದು ಸಲ ಬೇರೆಯವರ ಬೆರಳಿಗೆ ತೆರೆದರೂ ಆ ಪೆಟ್ಟಿಗೆ ವಾಪಸು ಹೋಗಲಿ. ನಾನು ಕೊಳ್ಳುವುದಾದರೆ ಬೆರಳಚ್ಚಿನದ್ದನ್ನು ಬಿಟ್ಟು, ಒತ್ತುಗುಂಡಿಯ ಸಂಖ್ಯೆ ಇರುವುದನ್ನೋ ಒಳ್ಳೆಯ ಕೀಲಿಯ ಗಟ್ಟಿ ಪೆಟ್ಟಿಗೆಯನ್ನೋ ಆರಿಸಿಕೊಳ್ಳುತ್ತೇನೆ.

ಸಂಖ್ಯೆಯ ಬೀಗದಲ್ಲೂ ಹುಳುಕಿದೆ. ಕಾರ್ಖಾನೆಯಿಂದ ಬರುವಾಗಲೇ ಒಂದು ಸಂಖ್ಯೆ ಇರುತ್ತದೆ, ಕೆಲವದರಲ್ಲಿ ಅದರ ಮೇಲೊಂದು ಮಾಸ್ಟರ್ ಸಂಖ್ಯೆಯೂ ಇರುತ್ತದೆ. ಆ ಮಾದರಿಯ ಎಲ್ಲ ಪೆಟ್ಟಿಗೆಗೂ ಅದೇ ಸಂಖ್ಯೆ, ಯೂಟ್ಯೂಬಿನಲ್ಲಿ ಹುಡುಕಿದರೆ ಹೈಸ್ಕೂಲ್ ಹುಡುಗರಿಗೂ ಸಿಗುತ್ತದೆ. ಎರಡನ್ನೂ ಬದಲಿಸಿ. ಮಗನ ಹುಟ್ಟಿದ ತಾರೀಖು, ಬೈಕಿನ ನಂಬರು ಬೇಡ, ಮನೆಯವರು ಮೊದಲು ಒತ್ತುವುದೇ ಅದನ್ನು.

ಇನ್ನೊಂದು ಪರೀಕ್ಷೆ ಬಡಿತದ್ದು. ಅಗ್ಗದ ಪೆಟ್ಟಿಗೆಯೊಳಗೆ ಬೀಗದ ನಾಲಿಗೆಯನ್ನು ತಡೆದು ಹಿಡಿದಿರುವುದು ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ಕಡ್ಡಿ. ಜೋರಾಗಿ ಕುಲುಕಿದರೆ ಆ ಕಡ್ಡಿ ಕ್ಷಣಕಾಲ ಸರಿದು ಬಾಗಿಲು ತೆರೆದುಕೊಳ್ಳುತ್ತದೆ. ಖಾಲಿ ಪೆಟ್ಟಿಗೆಗೆ ಬೀಗ ಹಾಕಿ, ಹಿಡಿಕೆ ತಿರುಗಿಸುತ್ತ ಮೇಲಿನಿಂದ ಮುಷ್ಟಿಯಲ್ಲಿ ಗುದ್ದಿ, ಹಾಸಿಗೆಯ ಮೇಲೆ ಒಂದೆರಡು ಸಲ ಎತ್ತಿಹಾಕಿ. ತೆರೆದುಕೊಂಡರೆ ಅದು ಲಾಕರ್ ಅಲ್ಲ, ಡಬ್ಬಿ.

ಬ್ಯಾಟರಿ ಸತ್ತಾಗ ತೆರೆಯಲೆಂದು ಜೊತೆಗೆ ಕೀಲಿ ಕೊಡುತ್ತಾರೆ. ಆ ಕೀಲಿ ಕೊನೆಗೆ ಎಲ್ಲಿ ಹೋಗಿ ಕೂರುತ್ತದೆ? ಬೀರುವಿನಲ್ಲಿ ಸೀರೆಗಳ ಅಡಿ, ಅಕ್ಕಿ ಡಬ್ಬದ ಹಿಂದೆ, ದೇವರ ಫೋಟೊ ಹಿಂಭಾಗ. ಮನೆಯ ಮಕ್ಕಳಿಗೆ ಈ ಮೂರೂ ಜಾಗ ಗೊತ್ತು. ಕೀಲಿ ಲೈಸೆನ್ಸುದಾರರ ಮೈಮೇಲೆ ಇರಬೇಕು, ಇಲ್ಲವೇ ಇನ್ನೊಂದು ಬೀಗದೊಳಗೆ ಇರಬೇಕು. ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಮುಗಿಯಲಿ ಬಿಡಲಿ, ಬದಲಿಸುವುದು ವಾಸಿ. ಸೋಲಾರ್ ಪಾರ್ಕ್ ಕಟ್ಟುವಷ್ಟು ಬಿಸಿಲಿರುವ ಪಾವಗಡದಂಥ ಕಡೆ ಶೀಟಿನ ಮನೆಯ ಸೆಕೆಗೆ ಹಳೆಯ ಬ್ಯಾಟರಿ ಸೋರಿ ಒಳಗಿನ ಸರ್ಕ್ಯೂಟು ಹಾಳಾಗುವುದುಂಟು.

ಆಮೇಲೆ ತೂಕ. ನಾಲ್ಕೈದು ಕೆಜಿಯ ಪೆಟ್ಟಿಗೆಯನ್ನು ಕಳ್ಳ ಅಲ್ಲೇ ತೆರೆಯುತ್ತ ಕೂರುವುದಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾನೆ. ತಳದಲ್ಲೋ ಹಿಂಭಾಗದಲ್ಲೋ ಬೋಲ್ಟ್ ಹಾಕಲು ತೂತುಗಳಿರುವ ಪೆಟ್ಟಿಗೆಯನ್ನೇ ಕೊಂಡು, ಕಾಂಕ್ರೀಟಿಗೋ ಗಟ್ಟಿ ಕಲ್ಲುಗೋಡೆಗೋ ಬಿಗಿಸಬೇಕು. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆಯಲ್ಲಿ ಬೋಲ್ಟು ಹಿಡಿಯುವುದಿಲ್ಲ. ಮಂಚದ ಕಾಲಿಗೆ ಸರಪಳಿ ಹಾಕುವುದು ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಉದ್ದ ಕೋವಿ ಇರುವವರಿಗೆ ಆಳೆತ್ತರದ ಕಬ್ಬಿಣದ ಕಪಾಟು ಬೇಕು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿ ತಗಡಿನಲ್ಲಿ ಮಾಡಿಸಬಹುದು. ತಿರುಪು, ಕೀಲು ಒಳಗಡೆ ಇರುವಂತೆ ಹೇಳಿ ಮಾಡಿಸಿ. ಅದೂ ಆಗದಿದ್ದರೆ ಕುದುರೆಯ ಭಾಗಕ್ಕೆ ಹಾಕುವ ಬೀಗ, ತೆರೆದ ನಳಿಕೆಯೊಳಗೆ ತೂರಿಸುವ ಕೇಬಲ್ ಬೀಗ ಇವೆ. ಜೋಡಿ ನಳಿಕೆಯ ಬಂದೂಕನ್ನು ನಳಿಕೆ, ಹಿಡಿ ಎಂದು ಬಿಡಿಸಿ ಬೇರೆ ಬೇರೆ ಬೀಗದಲ್ಲಿಟ್ಟರೆ ಖರ್ಚಿಲ್ಲದೆ ಅರ್ಧ ಕೆಲಸ ಆದಂತೆ. ತೋಟಾ, ಮದ್ದು, ಕೇಪು ಮಾತ್ರ ಬಂದೂಕಿನ ಜೊತೆ ಒಂದೇ ಬೀಗದಲ್ಲಿ ಇರಕೂಡದು, ಒಲೆಯ ಹತ್ತಿರವೂ ಇರಕೂಡದು.

'ಹಾಗಾದರೆ ಕಳ್ಳ ಬಂದಾಗ ತಡವಾಗುವುದಿಲ್ಲವೇ?'

ಆಗುತ್ತದೆ. ಬಂದೂಕು ಖಾಲಿ, ಗುಂಡು ಬೇರೆ ಬೀಗದಲ್ಲಿ ಎಂದರೆ 'ಒಂದೇ ಸೆಕೆಂಡು' ಎಂಬ ಮಾತೇ ಬಿದ್ದುಹೋಗುತ್ತದೆ. ಆದರೆ ಆ ತಡ ಬೇಕು ಅನ್ನುವುದಕ್ಕೆ ಕಾರಣಗಳಿವೆ.

ಗಾಢ ನಿದ್ದೆಯಿಂದ ತಟ್ಟನೆ ಎದ್ದಾಗ ಮೆದುಳು ಒಮ್ಮೆಲೇ ಎಚ್ಚರವಾಗುವುದಿಲ್ಲ. ಕಣ್ಣು ತೆರೆದಿದ್ದರೂ ಗುರುತು ಹಿಡಿಯುವ, ತೀರ್ಮಾನ ಮಾಡುವ ಶಕ್ತಿ ಸ್ವಲ್ಪ ಹೊತ್ತು ಮಂಕಾಗಿರುತ್ತದೆ, ಕೆಲವರಿಗೆ ಅರ್ಧ ಗಂಟೆಯವರೆಗೂ. ಆ ಮಂಪರಿನಲ್ಲಿ ಕತ್ತಲಲ್ಲಿ ನಡೆದು ಬರುತ್ತಿರುವ ನೆರಳು ಕಳ್ಳನದ್ದೋ ನೀರು ಕುಡಿಯಲು ಎದ್ದ ಮಗಳದ್ದೋ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ ತಮ್ಮನದ್ದೋ? ಸಂಖ್ಯೆ ನೆನಪಿಸಿಕೊಂಡು ಒತ್ತುವ ಹತ್ತು ಸೆಕೆಂಡು ನಿಮ್ಮನ್ನು ಎಚ್ಚರಗೊಳಿಸುವ ಹತ್ತು ಸೆಕೆಂಡು.

ಇದರ ಜೊತೆಗೆ ವದಂತಿಯನ್ನು ಸೇರಿಸಿ ನೋಡಿ. 2018ರಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಫಾರ್ವರ್ಡ್‌ಗಳಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರು ಜನರ ಹೊಡೆತಕ್ಕೆ ಸತ್ತರು. ಅಂಥ ಫಾರ್ವರ್ಡ್ ಓದಿ ಮಲಗಿದ ರಾತ್ರಿ ದಿಂಬಿನ ಪಕ್ಕ ತುಂಬಿದ ಪಿಸ್ತೂಲು ಇದ್ದರೆ ದಾರಿ ತಪ್ಪಿ ಬಾಗಿಲು ಬಡಿದವನ ಗತಿ ಏನು?

ಆಯುಧ ಹತ್ತಿರ ಇದ್ದರೆ ಸಾಕು ಎಂಬುದನ್ನು ಪಾವಗಡದವರು ಸುಲಭಕ್ಕೆ ನಂಬಲಾರರು. 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ತಂಗಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರಿ ನಕ್ಸಲರು ದಾಳಿ ಮಾಡಿದಾಗ ಸತ್ತವರು ತರಬೇತಿ ಪಡೆದ, ಆಯುಧ ಉಳ್ಳ ಪೊಲೀಸರು.

ಕಾನೂನಿನ ಕಡೆಯಿಂದಲೂ ನೋಡಬೇಕು. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೆ. ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ನುಗ್ಗುವವನ ವಿರುದ್ಧ ಅದು ಸಾಕಷ್ಟು ದೂರ ಹೋಗುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ನಿಲ್ಲುವುದಿಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದು 'ಆತ್ಮರಕ್ಷಣೆ' ಎಂದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಐದು ವರ್ಷದವರೆಗೆ ಜೈಲು. ಸದ್ದು ಕೇಳಿದರೆ ದೀಪ ಹಾಕಿ, ಮಲಗುವ ಕೋಣೆಯ ಚಿಲಕ ಹಾಕಿಕೊಂಡು, 112ಕ್ಕೆ ಫೋನ್ ಮಾಡಿ, ಅಕ್ಕಪಕ್ಕದ ತೋಟದವರನ್ನು ಕೂಗಿ. ಒಂದು ಒಳ್ಳೆಯ ನಾಯಿ ಈ ವಿಷಯದಲ್ಲಿ ಯಾವ ಲಾಕರ್‌ಗೂ ಕಡಿಮೆಯಲ್ಲ.

ಯಾರೂ ಬಾಯಿಬಿಟ್ಟು ಹೇಳದ ಅಪಾಯ

ಬಂದೂಕು ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಅಪಾಯ ತರುವುದು ಇನ್ನೊಂದು ದಾರಿಯಲ್ಲಿ. ಸಾಲ, ಬೆಳೆ ನಷ್ಟ, ಪರೀಕ್ಷೆಯ ಸೋಲು, ಮನೆಯ ಜಗಳ ಇವುಗಳ ನಡುವೆ ಸಾಯಬೇಕು ಅನ್ನಿಸುವ ಗಳಿಗೆ ಹೆಚ್ಚಿನವರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಬದುಕು ಸಾವು ನಿಂತಿರುತ್ತದೆ. ಬಂದೂಕು ಸಿಕ್ಕರೆ ಎರಡನೆಯ ಅವಕಾಶ ಇರುವುದಿಲ್ಲ. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬಂದೂಕಿಗೆ ಬೀಗ, ಬಂದೂಕು ಖಾಲಿ, ಗುಂಡಿಗೆ ಬೀಗ, ಗುಂಡು ಬೇರೆ ಕಡೆ ಎಂಬ ನಾಲ್ಕು ಅಭ್ಯಾಸಗಳನ್ನು ಪರಿಶೀಲಿಸಿತು. ಇವುಗಳಲ್ಲಿ ಪ್ರತಿಯೊಂದೂ ಇರುವ ಮನೆಗಳಲ್ಲಿ ಮಕ್ಕಳು ಮತ್ತು ಹದಿಹರೆಯದವರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ, ಆಕಸ್ಮಿಕವಾಗಿ ಗಾಯಗೊಳ್ಳುವ ಅಪಾಯ ಕಡಿಮೆ ಇತ್ತು.

ಮನೆಯಲ್ಲಿ ಯಾರಾದರೂ ಖಿನ್ನರಾಗಿದ್ದರೆ, ಕುಡಿತ ಮಿತಿ ಮೀರಿದ್ದರೆ, ಬೀಗವನ್ನು ನಂಬಬೇಡಿ, ಬಂದೂಕನ್ನೇ ಮನೆಯಿಂದ ಹೊರಗೆ ಕಳಿಸಿ. ಲೈಸೆನ್ಸುದಾರರು ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬಹುದು. ಚುನಾವಣೆ ಬಂದಾಗ ಹೇಗೂ ಇಡುತ್ತೀರಲ್ಲ, 2024ರ ಏಪ್ರಿಲ್ 26ರ ಲೋಕಸಭಾ ಮತದಾನದ ಹೊತ್ತಿನ ಹಾಗೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ-ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಕಾಗದಪತ್ರದ ಕೆಲವು ಮಾತು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬಂದೂಕನ್ನು ಸುರಕ್ಷಿತವಾಗಿ ಇಡುತ್ತೇನೆ ಎಂದು ಅರ್ಜಿದಾರರು ಮುಚ್ಚಳಿಕೆ ಬರೆದುಕೊಡಬೇಕು. ಆದ್ದರಿಂದ ಬೀಗ ನಿಮ್ಮ ಇಷ್ಟದ ವಿಷಯವಲ್ಲ. ಕಳುವಾದರೆ, ಕಳೆದುಹೋದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಐದು ವರ್ಷ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ ಜೈಲು. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರನ್ನು ಅಪಾಯಕ್ಕೆ ದೂಡುವುದೂ ಅಪರಾಧ.

'ತಾತನ ಕೋವಿ, ಲೈಸೆನ್ಸ್ ತಾತನ ಹೆಸರಲ್ಲೇ ಇದೆ' ಎನ್ನುವವರು ಈ ಭಾಗದಲ್ಲಿ ಸಿಗುತ್ತಾರೆ. ತಾತ ತೀರಿಕೊಂಡ ಮೇಲೆ ಆ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಕೋವಿಯನ್ನು ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು, 21 ವರ್ಷ ತುಂಬಿರಬೇಕು. ಕೊಡಗಿನವರಿಗೆ ಲೈಸೆನ್ಸ್ ಬೇಡವಂತೆ ಎಂಬ ಮಾತೂ ಓಡಾಡುತ್ತದೆ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಭೂಮಿ ಹಿಡುವಳಿದಾರರಿಗೆ, ತುಮಕೂರು ಜಿಲ್ಲೆಯವರಿಗಲ್ಲ.

ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ಊರ್ಜಿತ ಎಂಬುದನ್ನೂ ನೋಡಿಕೊಳ್ಳಿ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯ ನಡುವೆ ಆಂಧ್ರದ ನೆಲ ಸಿಗುತ್ತದೆ. ಕರ್ನಾಟಕಕ್ಕಷ್ಟೇ ಊರ್ಜಿತವಾದ ಬಂದೂಕನ್ನು ಕಾರಿನಲ್ಲಿಟ್ಟುಕೊಂಡು ಆ ದಾರಿಯಲ್ಲಿ ಹೊರಟರೆ ನಡುವಿನ ಚೆಕ್‌ಪೋಸ್ಟಿನಲ್ಲಿ ಉತ್ತರ ಹೇಳಬೇಕಾಗುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಹಂದಿ, ನವಿಲು, ಕೃಷ್ಣಮೃಗ ಹೊಡೆಯಲು ಅನುಮತಿ ಸಿಕ್ಕಂತೆಯೂ ಅಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವಿಷಯ, ಕೇಳಬೇಕಾದದ್ದು ಅರಣ್ಯ ಇಲಾಖೆಯನ್ನು.